ಕೊನೆಯ ಮೂಲೆಯಲ್ಲಿಟ್ಟ ಉಂಡೆ

ಅವನು ನನ್ನೊಂದಿಗೆ ಆಡಿದ ಮೊದಲ ಮಾತು, "ಮುಟ್ಟಬ್ಯಾಡ!"

ಆಡಿದ ಎನ್ನುವುದಕ್ಕಿಂತ ಕೂಗಿದ ಎನ್ನಬೇಕು. ನಾನು ಬಗ್ಗಿದವಳು ಬಗ್ಗಿದಂತೆಯೇ ನಿಂತುಬಿಟ್ಟೆ. ನನ್ನ ಎರಡೂ ಕೈಗಳಲ್ಲಿ ಒಂದು ಮರದ ಪೀಠವಿತ್ತು. ಅದು ನೆಲದ ಮೇಲೆ ಅಡ್ಡ ಬಿದ್ದಿತ್ತು. ಯಾರದೋ ಕಾಲು ತಾಗಿರಬೇಕೆಂದು ಎತ್ತಿ ನಿಲ್ಲಿಸುತ್ತಿದ್ದೆ. ಬಿದ್ದದ್ದನ್ನು ಕಂಡೂ ದಾಟಿಹೋಗುವುದು ನನ್ನಿಂದ ಆಗುವುದಿಲ್ಲ.

"ಅದು ಬಿದ್ದಿಲ್ರಿ ಅಕ್ಕಾರ, ಮಲಗಿಸಿದ್ದು," ಎನ್ನುತ್ತ ಓಡಿ ಬಂದ. ಪೀಠವನ್ನು ನನ್ನ ಕೈಯಿಂದ ತೆಗೆದುಕೊಂಡು, ನಿದ್ದೆಹೋದ ಕೂಸನ್ನು ಇಳಿಸುವಷ್ಟು ಮೆತ್ತಗೆ ಮತ್ತೆ ಅಡ್ಡ ಇಟ್ಟ. "ಘಾನಾ ದೇಶದ ಅಸಾಂಟೆ ಮಂದೀದು ಇದು. ಒಬ್ಬೊಬ್ರಿಗೆ ಒಂದೊಂದು ಸ್ಟೂಲು. ಕುಂತಾವನ ಜೀವ ಅದರಾಗ ಇರ್ತೈತಂತ. ಅವ ಎದ್ದುಹೋದ ಮ್ಯಾಲ ಹಂಗ ಬಿಟ್ರ ಬ್ಯಾರೆ ಯಾವುದರ ಜೀವ ಬಂದು ಕುಂದ್ರತೈತಿ. ಅದಕ್ಕ ಅವ ಹೊಳ್ಳಿ ಬರೂತನಕ ಹಿಂಗ ಮಲಗಿಸಿ ಇಡ್ತಾರ."

ತಪ್ಪಾಯಿತು ಎನ್ನಬೇಕಿತ್ತು. ಮಾತು ಗಂಟಲ ತನಕ ಬಂದು ಅಲ್ಲೇ ಕುಳಿತುಬಿಟ್ಟಿತು. ಶಾಲೆಯಲ್ಲೂ ಹೀಗೇ ಆಗುತ್ತಿತ್ತು. ಮಾಸ್ತರರು ಎದ್ದು ನಿಂತು ಓದು ಎಂದರೆ ಅಕ್ಷರವೆಲ್ಲ ಕಣ್ಣಿಗೆ ಕಾಣುತ್ತಿದ್ದವು, ಬಾಯಿಗೆ ಬರುತ್ತಿರಲಿಲ್ಲ. ಏಳನೇ ಇಯತ್ತೆ ಮುಗಿದಾಗ ಸಾಕು ಎಂದೆ. ಯಾಕೆ ಎಂದು ಮನೆಯಲ್ಲಿ ಯಾರೂ ಒತ್ತಿ ಕೇಳಲಿಲ್ಲ.

ಅವನು ನನ್ನ ಬಗಲಿನ ಸೂಜಿದಾರದ ಡಬ್ಬಿಯನ್ನು ಆಮೇಲೆ ನೋಡಿದ. ಮುಖವೇ ಬದಲಾಯಿತು.

"ಅಯ್ಯ, ಕೌದಿ ಹೊಲಿಯೋರು ನೀವ ಏನ್ರಿ? ಹಂಗಾದ್ರ ಮುಟ್ರಿ, ಮುಟ್ರಿ! ಮುಟ್ಟದ ಹೆಂಗ ಹೊಲೀತೀರಿ?"

ಹೇಳಿ ತಾನೇ ನಕ್ಕ. ನಗುವಾಗ ಅವನ ಎರಡೂ ಕಿವಿ ಕೆಂಪಾಗುತ್ತವೆ. ನಾನು ತಲೆ ತಗ್ಗಿಸಿದ್ದೆ, ಆದರೂ ಕಂಡೆ. ತಲೆ ತಗ್ಗಿಸಿದವರಿಗೆ ಜಾಸ್ತಿ ಕಾಣುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

*

ಸಿಂಧನೂರಿನಿಂದ ಜವಳಗೇರಾಕ್ಕೆ ಬರುವ ರಸ್ತೆಯಲ್ಲಿ ಹಳೆಯ ರೈಸ್ ಮಿಲ್ಲೊಂದಿದೆ. ಅದರ ಮಾಲಕರು ಗಂಗಾಧರ ಸರ್. ಇಪ್ಪತ್ತಾರು ವರ್ಷ ಘಾನಾ, ನೈಜೀರಿಯಾ, ಕಾಂಗೋ ಎಂದು ತಿರುಗಿ ಅಕ್ಕಿ ಗಿರಣಿಯ ಮಷೀನು ಕೂಡಿಸಿಕೊಟ್ಟು ಬಂದವರು. ಬರುವಾಗ ಎಲ್ಲರೂ ಬಂಗಾರ ತಂದರೆ ಇವರು ಮುಖವಾಡ ತಂದರು ಎಂದು ಜನ ನಗುತ್ತಿದ್ದರು. ಈಗ ಮಿಲ್ಲಿನ ಅರ್ಧ ಭಾಗ ಬಾಡಿಗೆಗೆ ಹೋಗಿದೆ. ಅಲ್ಲಿ ಹೆಂಗಸರು ಅಕ್ಕಿ ಹಸನು ಮಾಡುತ್ತಾರೆ. ಇನ್ನರ್ಧದ ಗೋದಾಮಿಗೆ ಸುಣ್ಣ ಬಳಿಸಿ, ಆಫ್ರಿಕಾ ಕಲೆ ಮತ್ತು ಸಂಸ್ಕೃತಿ ಮ್ಯೂಸಿಯಂ ಎಂದು ಬೋರ್ಡು ಹಾಕಿಸಿದ್ದರು. ಮಸ್ಕಿಗೆ ಅಶೋಕನ ಕಲ್ಲು ನೋಡಲು ಬರುವವರು ಒಂದು ತಾಸು ಇಲ್ಲಿಗೂ ಬರಲಿ ಎಂಬುದು ಅವರ ಆಸೆ. ಊರವರು ಮಾತ್ರ 'ಮಾರಿ ಮಿಲ್ಲು' ಎನ್ನುತ್ತಿದ್ದರು; ಮಾರಿ ಎಂದರೆ ನಮ್ಮ ಕಡೆ ಮುಖ.

ಉದ್ಘಾಟನೆ ದೀಪಾವಳಿ ಆದ ಮೇಲೆ. ಅಷ್ಟರೊಳಗೆ ಒಂದು ಬಟ್ಟೆಗೆ ಅಸ್ತರು ಹಚ್ಚಬೇಕಿತ್ತು. ಕಾಂಗೋದ ಕೂಬಾ ಜನರ ಹೆಂಗಸರು ಉಡುವ ಬಟ್ಟೆಯಂತೆ. ತಾಳೆಯಂಥ ಮರದ ಎಲೆಯ ನಾರಿನಿಂದ ನೇಯ್ದದ್ದು, ಹನ್ನೆರಡು ಮೊಳ ಉದ್ದ. ಹಾಗೇ ತೂಗುಹಾಕಿದರೆ ತನ್ನ ಭಾರಕ್ಕೇ ಹರಿಯುತ್ತದೆ. ಹಿಂದೆ ಕೋರಾ ಬಟ್ಟೆ ಇಟ್ಟು ಹೊಲಿಯಲು, ಹಳೆಯ ಸೀರೆ ಪದರಿಟ್ಟು ಕೌದಿ ಹೊಲಿದು ಪಳಗಿದ ಕೈ ಬೇಕು ಎಂದು ಯಾರೋ ನಮ್ಮ ಅವ್ವನ ಹೆಸರು ಹೇಳಿದ್ದರು. ಜವಳಗೇರಾದಲ್ಲಿ ಗಿರಿಯಮ್ಮನ ಕೌದಿ ಎಂದರೆ ಹೆಸರುವಾಸಿ. ಈಗ ಅವ್ವನ ಕಣ್ಣಿಗೆ ಪೊರೆ ಬಂದಿದೆ. ಹೆಸರು ಅವಳದು, ಹೊಲಿಗೆ ನನ್ನದು.

ಮೊದಲ ದಿನ ಅವ್ವ ಜತೆಗೆ ಬಂದಳು. ಗೋಡೆಯ ತುಂಬ ಮುಖವಾಡ ನೋಡಿ ಚಪ್ಪಲಿ ಬಿಟ್ಟು ಕೈ ಮುಗಿದಳು. ಪಕ್ಕದ ಅಕ್ಕಿ ಗೋದಾಮಿನಲ್ಲಿ ನಮ್ಮೂರ ಸಲ್ಮಾ ಕೆಲಸಕ್ಕಿರುವುದನ್ನು ಕಂಡು ಅವಳಿಗೆ ಧೈರ್ಯ ಬಂತು.

"ಸಲ್ಮಾ, ಇಕೀ ಕಡೆ ಒಂದು ಕಣ್ಣಿಟ್ಟಿರವ್ವ. ಬಾಯಿಲ್ಲದ ಹುಡುಗಿ."

"ಬಾಯಿಲ್ಲ ಅಂದ್ರೇನಾತು ಬಿಡು ದೊಡ್ಡವ್ವ," ಎಂದಳು ಸಲ್ಮಾ, ನನ್ನನ್ನೂ ಲೇಬಲ್ ಬರೆಯುತ್ತಿದ್ದ ಅವನನ್ನೂ ಒಮ್ಮೆ ನೋಡಿ. "ಕಣ್ಣು ಅದಾವಲ್ಲ."

*

ಅವನ ಹೆಸರು ಗೌರಾಂಗ. ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನವನು. ಅವನ ಅಜ್ಜ ಗಡಿ ದಾಟಿ ಬಂದ ಬಂಗಾಲಿ. ಅವನು ಹುಟ್ಟಿದ್ದು ಸಿಂಧನೂರು ಸರಕಾರಿ ದವಾಖಾನೆಯಲ್ಲಿ. ಮನೆಯಲ್ಲಿ ಬಂಗಾಲಿ, ಹೊರಗೆ ನಮ್ಮಂತೆಯೇ ಕನ್ನಡ. ಡಿಗ್ರಿ ಮುಗಿಸಿ ಗಂಗಾಧರ ಸರ್ ಹತ್ತಿರ ಸೇರಿದ್ದ. ಮ್ಯೂಸಿಯಮ್ಮಿನ ಚಾವಿ ಗೊಂಚಲು ಅವನ ಸೊಂಟದಲ್ಲಿ. ಬಾಗಿಲ ಹತ್ತಿರ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ, ಅದು ಅವನದು.

ಇಂಗ್ಲಿಷಿನಲ್ಲಿದ್ದ ಚೀಟಿಗಳನ್ನೆಲ್ಲ ಅವನು ಕನ್ನಡದಲ್ಲಿ ಬರೆಯುತ್ತಿದ್ದ. ಬರೆದದ್ದನ್ನು ಗಟ್ಟಿಯಾಗಿ ಓದಿ, "ತಿಳಿತೈತೇನ್ರಿ ಅಕ್ಕಾರ?" ಎಂದು ನನ್ನ ಕಡೆ ನೋಡುತ್ತಿದ್ದ. ನಾನು ತಲೆಯಾಡಿಸಿದರೆ ಹಾಗೇ ಬಿಡುತ್ತಿದ್ದ. ಆಡಿಸದಿದ್ದರೆ ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದ.

ನನ್ನ ತಲೆಯಾಡಿಸುವಿಕೆಗೆ ಯಾರೂ ಅಷ್ಟು ಬೆಲೆ ಕೊಟ್ಟಿರಲಿಲ್ಲ.

ಆ ಅಕ್ಕಾರ ಎನ್ನುವ ಮಾತು ಮಾತ್ರ ಸೂಜಿ ಉಗುರಿನ ಸಂದಿಗೆ ಚುಚ್ಚಿದಂತಾಗುತ್ತಿತ್ತು. ನನಗಿಂತ ಎರಡು ವರ್ಷಕ್ಕಾದರೂ ದೊಡ್ಡವನು. ಆದರೆ ಹಾಗೆ ಕರೆಯಬೇಡಿ ಎಂದು ಹೇಳುವುದು ಹೇಗೆ? ಹೇಳಿದರೆ ಮತ್ತೆ ಏನೆಂದು ಕರೆಯಲಿ ಎಂದು ಕೇಳಿದರೆ?

ಮೂರನೆಯ ದಿನ ಬಟ್ಟೆಯ ಕತೆ ಹೇಳಿದ.

"ನೇಯ್ದ ಮ್ಯಾಲ ಬಟ್ಟಿ ಬಿರುಸು ಇರ್ತೈತಂತ. ಮೆತ್ತಗಾಗ್ಲಿ ಅಂತ ಒನಕೀಲೆ ಕುಟ್ತಾರ. ಕುಟ್ಟಿದಾಗ ಅಲ್ಲಲ್ಲಿ ತೂತು ಬೀಳ್ತಾವ. ತೂತಿಗೆ ತ್ಯಾಪಿ ಹಚ್ತಾರ. ಬರಬರತಾ ತ್ಯಾಪಿನ ಚಂದ ಕಾಣಾಕತ್ತು, ತೂತು ಇಲ್ಲದಲ್ಲೂ ಹಚ್ಚಾಕ ಶುರು ಮಾಡಿದ್ರಂತ."

ನಾನು ಕಪ್ಪು, ಕಂದು ತೇಪೆಗಳ ಮೇಲೆ ಕೈಯಾಡಿಸಿದೆ. ಹೊಲಿಗೆ ಸಣ್ಣದು, ಒತ್ತಾದದ್ದು. ಒಂದು ಕಡೆ ಹೊಲಿದವಳು ದಾರ ಸಾಲದೆ ಗಂಟು ಹಾಕಿ ಮುಂದುವರಿಸಿದ್ದಳು. ನಾನೂ ಹಾಗೇ ಮಾಡುತ್ತೇನೆ.

"ನಮ್ಮಂಗ," ಎಂದೆ.

ಅವನ ಪೆನ್ನು ನಿಂತಿತು. "ಏನಂದ್ರಿ?"

"ನಮ್ಮಂಗನ... ಅದಾರ. ಆ ಹೆಣಮಕ್ಳು."

"ಅಬ್ಬಾ!" ಅವನು ಗೋಡೆಯ ಮುಖವಾಡಗಳ ಕಡೆ ತಿರುಗಿ ಕೈ ಎತ್ತಿದ. "ಕೇಳಿದ್ರೇನ್ರಪ್ಪಾ ಎಲ್ಲಾರು? ಮಾತು ಬರ್ತಾವು ಇವರಿಗೆ!"

ನಾನು ನಕ್ಕುಬಿಟ್ಟೆ. ಬಾಯಿಗೆ ಓಡ್ನಿ ಒತ್ತಿಕೊಂಡರೂ ನಗು ಹೊರಗೆ ಬಂತು. ಅವನು ಬರೆಯುವುದನ್ನು ಬಿಟ್ಟು ಸುಮ್ಮನೆ ನೋಡಿದ. ಆಮೇಲೆ ಪೆನ್ನಿನ ಮುಚ್ಚಳ ಹುಡುಕಿದ; ಅದು ಅವನ ಬಾಯಲ್ಲೇ ಇತ್ತು.

ಆವತ್ತಿನಿಂದ ಅಕ್ಕಾರ ಎನ್ನುವುದನ್ನು ಬಿಟ್ಟ. ಬೇರೆ ಏನೂ ಕರೆಯಲಿಲ್ಲ. ಬರೀ "ಇಲ್ಲಿ ನೋಡು" ಎನ್ನುತ್ತಿದ್ದ. ಬಹುವಚನವೂ ಹೋಗಿತ್ತು, ಅದು ಹೋದದ್ದು ಇಬ್ಬರಿಗೂ ಗೊತ್ತಾಗದಂತೆ ಇದ್ದೆವು.

*

ಊಟದ ಹೊತ್ತಿಗೆ ಒಳಗೆ ಕೂರುವಂತಿರಲಿಲ್ಲ. ಬಾಗಿಲಿಗೆ ಅವನೇ ಬರೆದು ಹಾಕಿದ್ದ: ಒಳಗೆ ತಿನ್ನುವ ವಸ್ತು ತರಬಾರದು. ಒಂದು ಅನ್ನದ ಅಗುಳು ಬಿದ್ದರೂ ಹುಳ ಬರುತ್ತವೆ, ಹುಳ ಬಂದರೆ ನೂರು ವರ್ಷದ ಮರ, ಬಟ್ಟೆ ಎಲ್ಲ ಹೋದ ಹಾಗೇ ಎಂದು ಗಂಗಾಧರ ಸರ್ ದಿನಕ್ಕೊಮ್ಮೆ ಹೇಳುತ್ತಿದ್ದರು. ಅಂಗಳದ ಬೇವಿನ ಮರದ ಕೆಳಗೆ ನಾನೂ ಸಲ್ಮಾಳೂ ರೊಟ್ಟಿ ಬಿಚ್ಚುತ್ತಿದ್ದೆವು. ಅವನು ಸ್ವಲ್ಪ ದೂರದ ಕಟ್ಟೆಯ ಮೇಲೆ.

ಉಂಡಾದ ಮೇಲೆ ಹತ್ತು ನಿಮಿಷ ಒಳಗೆ ಕರೆದು ತೋರಿಸುತ್ತಿದ್ದ. ದಿನಕ್ಕೊಂದೇ ವಸ್ತು. ಎಲ್ಲ ಒಮ್ಮೆಲೇ ತೋರಿಸಿದರೆ ಮುಗಿದುಹೋಗುತ್ತದೆ ಎಂದು ಅವನಿಗೂ ಅನ್ನಿಸುತ್ತಿತ್ತೋ ಏನೋ. ಒಂದು ದಿನ ಸೊಂಟ ಸಣ್ಣಗಿದ್ದ ನಗಾರಿ. ಒಂದು ದಿನ ಕವಡೆ ಹೊಲಿದ ಟೊಪ್ಪಿಗೆ. "ಈ ಕವಡಿ ನಮ್ಮ ಕಡಲಿನವ. ಹಡಗಿನ್ಯಾಗ ಹೋಗಿ ಅಲ್ಲಿ ರೊಕ್ಕ ಆಗಿದ್ವು," ಎಂದ. ಜೋಗತಿಯರ ಕೊರಳಲ್ಲಿ ನಾನು ಕಂಡಿದ್ದ ಕವಡೆ. ಎಲ್ಲಿಂದ ಎಲ್ಲಿಗೆ ಹೋಗಿ, ಯಾರ ತಲೆಯೇರಿ, ಮತ್ತೆ ಈ ಮಿಲ್ಲಿಗೆ ಬಂದವು!

ಇನ್ನೊಂದು ದಿನ, ಸುಣ್ಣದಷ್ಟು ಬಿಳಿಯ ಹೆಣ್ಣಿನ ಮುಖವಾಡ. ಕಣ್ಣು ಅರೆಮುಚ್ಚಿ ಕೆಳಗೆ ನೋಡುತ್ತಿತ್ತು.

"ಯಾಕ ಕಣ್ಣು ಮುಚ್ಚ್ಯಾಳ?" ಎಂದೆ.

"ಮುಚ್ಚಿಲ್ಲ. ಸಣ್ಣಗ ತೆರದಾಳ ನೋಡು. ಎಲ್ಲಾ ನೋಡತಾಳ, ನೋಡಿದ್ದು ಯಾರಿಗೂ ಗೊತ್ತಾಗಬಾರ್ದು ಅಂತ ಹಂಗ ಕುಂತಾಳ." ಮುಖವಾಡದ ಕಡೆಯೇ ತಿರುಗಿ ಹೇಳಿದ. "ಅಂಥವರು ಭಾಳ ತ್ರಾಸು ಕೊಡ್ತಾರ. ಏನು ನೋಡಿದ್ರು, ಏನು ತಿಳಕೊಂಡ್ರು, ಒಂದೂ ಹೇಳಂಗಿಲ್ಲ."

ನನ್ನ ಕಿವಿ ಬಿಸಿಯಾಯಿತು. ಹೇಳಲು ನೂರು ಮಾತಿದ್ದವು. ನಿನ್ನ ಅಂಗಿಯ ಮೂರನೆಯ ಗುಂಡಿ ಸಡಿಲಾಗಿದೆ, ಬಿಚ್ಚಿ ಕೊಟ್ಟರೆ ಹಾಕಿಕೊಡುತ್ತೇನೆ ಎಂಬುದು ಅದರಲ್ಲಿ ತೀರ ಸಣ್ಣದು. ಅದನ್ನೂ ಹೇಳಲಾಗಲಿಲ್ಲ.

ಕೊನೆಯ ದಿನ ಅವನು ಕೊಬ್ಬರಿ ಉಂಡೆ ತಂದ. ದಸರಾ ಆದ ಮೇಲೆ ಬರುವ ಹುಣ್ಣಿಮೆಗೆ ಕ್ಯಾಂಪಿನ ಮನೆಗಳಲ್ಲಿ ಲಕ್ಷ್ಮೀಪೂಜೆ ಮಾಡುತ್ತಾರೆ, ಆವತ್ತಿನ ಉಂಡೆ. ಬೆಲ್ಲದಲ್ಲಿ ಹುರಿದು ಕಪ್ಪಗಾದ ಕೊಬ್ಬರಿ, ನಿಂಬೆಹಣ್ಣಿನಷ್ಟು ದುಂಡಗೆ.

"ನಮ್ಮವ್ವ ಕಟ್ಟಿದ್ದು. ಸರ್‌ಗೆ ನಾಲ್ಕು, ಸಲ್ಮಾಗ ಎರಡು, ನಿನಗ ಎರಡು."

"ನನಗ ಒಂದ ಕೊಟ್ಟಿ!" ಎಂದಳು ಸಲ್ಮಾ.

"ನೀ ಇನ್ನೊಂದು ಆಗ್ಲೇ ನುಂಗಿದಿ."

ಒಂದನ್ನು ಮರದ ಕೆಳಗೇ ತಿಂದೆ. ಇನ್ನೊಂದನ್ನು ಓಡ್ನಿಯ ತುದಿಗೆ ಗಂಟು ಹಾಕಿಕೊಂಡೆ. ಒಳಗೆ ತರಬಾರದು ಎಂಬ ಬೋರ್ಡನ್ನು ದಾಟುವಾಗ ಆ ಗಂಟು ನೆನಪೇ ಇರಲಿಲ್ಲ.

*

ಆ ಸಂಜೆ ಹೊಲಿಗೆ ಕೊನೆಯ ಮೂಲೆಗೆ ಬಂತು.

ನಮ್ಮಲ್ಲಿ ಕೌದಿಯ ಕೊನೆಯ ಮೂಲೆಯನ್ನು ಬರಿದೇ ಮುಚ್ಚುವುದಿಲ್ಲ. ಒಳಗೆ ಒಂದು ಚೂರು ಸಿಹಿ ಇಟ್ಟು ಮುಚ್ಚಬೇಕು. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ ಎಂದು ಅವ್ವ ಹೇಳುತ್ತಾಳೆ. ಅವಳ ಅವ್ವನೂ ಹೇಳುತ್ತಿದ್ದಳಂತೆ. ಕೌದಿ ಉಣ್ಣದೆ ಮನೆ ಬಿಟ್ಟು ಹೋಗಬಾರದು.

ಗೌರಾಂಗ ಎದುರು ಕುಳಿತು ಬಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದ. ಹನ್ನೊಂದು ದಿನದಿಂದ ನಮ್ಮಿಬ್ಬರ ನಡುವೆ ಇದ್ದದ್ದು ಆ ಬಟ್ಟೆ. ಅದು ಮುಗಿದರೆ ನಾನು ಇಲ್ಲಿಗೆ ಬರಲು ಕಾರಣವೇ ಇರಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಸರ್ ಕರೆದರು; ಅವನು ಎದ್ದು ಹೋದ.

ಮೂಲೆ ಬಾಯಿ ತೆರೆದುಕೊಂಡಿತ್ತು. ಯಾವ ಊರಿನ ಯಾವ ಹೆಂಗಸೋ ಎಷ್ಟು ವರ್ಷದ ಕೆಳಗೆ ಹೊಲಿದಿದ್ದಳೋ. ಹಡಗಿನಲ್ಲಿ, ಲಾರಿಯಲ್ಲಿ, ಪೆಟ್ಟಿಗೆಯಲ್ಲಿ ಎಷ್ಟು ದಿನದಿಂದ ಹಸಿದಿತ್ತೋ. ಬೆಲ್ಲ ತಂದಿರಲಿಲ್ಲ. ಓಡ್ನಿಯ ಗಂಟು ಕೈಗೆ ತಾಕಿತು.

ಉಂಡೆಯನ್ನು ಅರ್ಧ ಮುರಿದು ಒಳಗಿಟ್ಟೆ. ಹುಳದ ಮಾತು, ಬೋರ್ಡಿನ ಮಾತು ಒಂದೂ ತಲೆಗೆ ಬರಲಿಲ್ಲ. ಕೈಗೆ ಗೊತ್ತಿದ್ದ ಕೆಲಸವನ್ನು ಕೈ ಮಾಡಿತು. ಅವನು ತಿರುಗಿ ಬರುವಷ್ಟರಲ್ಲಿ ಮೂಲೆ ಮುಚ್ಚಿದ್ದೆ. ಉಳಿದರ್ಧವನ್ನು ಬಸ್ಸಿನಲ್ಲಿ ತಿಂದೆ. ಆ ಬಟ್ಟೆಯೂ ನಾನೂ ಒಂದೇ ಉಂಡೆ ಹಂಚಿಕೊಂಡೆವು ಎನ್ನುವುದು ಎಷ್ಟೋ ರಾತ್ರಿ ನನಗೆ ನಿದ್ದೆಗೆ ಸಾಕಾಯಿತು.

*

ಉದ್ಘಾಟನೆಯ ದಿನ ಗೋದಾಮು ತುಂಬಿತ್ತು. ಲಿಂಗಸುಗೂರು, ಮಸ್ಕಿಯ ಕಾಲೇಜಿನವರು ಮುಂದಿನ ಸಾಲಿನಲ್ಲಿ. ಅಕ್ಕಿ ಗೋದಾಮಿನ ಹೆಂಗಸರ ಜತೆ ನಾನೂ ಅವ್ವನೂ ಹಿಂದೆ ಚಾಪೆಯ ಮೇಲೆ ಕುಳಿತಿದ್ದೆವು. ಎದುರು ಗೋಡೆಯಲ್ಲಿ ಹನ್ನೆರಡು ಮೊಳದ ಬಟ್ಟೆ ನೆಟ್ಟಗೆ, ಒಂದು ಸುಕ್ಕಿಲ್ಲದೆ ತೂಗುತ್ತಿತ್ತು. ಗೌರಾಂಗ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ದೂರದಿಂದಲೇ ಬಟ್ಟೆಯ ಕಡೆ ಕಣ್ಣು ಮಾಡಿ, ಆಮೇಲೆ ನನ್ನ ಕಡೆ ನೋಡಿ, ಹುಬ್ಬು ಹಾರಿಸಿದ. ನೋಡು ಹೆಂಗೈತಿ ಎಂದಂತೆ.

ನಾನು ನೋಡಿದೆ. ಎಲ್ಲರಿಗಿಂತ ಮೊದಲು ನಾನೇ ಕಂಡೆ.

ಬಟ್ಟೆಯ ಕೆಳಗಿನ ಮೂಲೆಯಿಂದ ನೆಲದವರೆಗೆ ಒಂದು ಸಣ್ಣ ಕೆಂಪು ಗೆರೆ. ಗೆರೆ ಚಲಿಸುತ್ತಿತ್ತು.

ಕೂಗಬೇಕಿತ್ತು. ಎದ್ದು ಹೋಗಬೇಕಿತ್ತು. ನನ್ನ ಕಾಲು, ನನ್ನ ಬಾಯಿ, ಒಂದೂ ನನ್ನವಾಗಿರಲಿಲ್ಲ. ಮುಂದಿನ ಸಾಲಿನ ಮೇಡಮ್ಮೊಬ್ಬರು ಬಟ್ಟೆಯನ್ನು ಹತ್ತಿರದಿಂದ ನೋಡಲು ಹೋಗಿ "ಅಯ್ಯೋ, ಇರಿವಿ!" ಎಂದು ಹಿಂದೆ ಸರಿದರು.

ಗಂಗಾಧರ ಸರ್ ಭಾಷಣ ನಿಲ್ಲಿಸಿದರು. ಬಂದು ನೋಡಿದರು. ಕತ್ತರಿ ತರಿಸಿ ಆ ಮೂಲೆಯ ಹೊಲಿಗೆ ಬಿಚ್ಚಿದರು. ಕೆಂಪಿರುವೆಗಳು ಹಿಡಿಯಷ್ಟು ಉದುರಿದವು. ಜತೆಗೆ ಅರ್ಧ ಉಂಡೆ. ಅದರ ಸುತ್ತ ನೂರು ವರ್ಷದ ನಾರನ್ನು ಇರುವೆಗಳು ಕಾಸಿನಗಲ ಕಡಿದಿದ್ದವು.

"ಗೌರಾಂಗ." ಧ್ವನಿ ಏರಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. "ಇದು ನಿಮ್ಮನಿ ಉಂಡಿ ಅಲ್ಲೇನೋ? ನನಗೂ ನಾಲ್ಕು ತಂದು ಕೊಟ್ಟಿದ್ದಿ."

ಗೌರಾಂಗ ಉಂಡೆಯನ್ನು ನೋಡಿದ. ಎಲ್ಲರ ತಲೆಯ ಮೇಲಿಂದ ನನ್ನನ್ನು ನೋಡಿದ. ಆ ನೋಟದಲ್ಲಿ ಮೊದಲು ಪ್ರಶ್ನೆಯಿತ್ತು. ನನ್ನ ಮುಖ ಕಂಡು ಪ್ರಶ್ನೆ ಆರಿತು. ಅವನ ಕಿವಿ ನಿಧಾನವಾಗಿ ಕೆಂಪಾದವು.

"ಹೌದ್ರಿ ಸರ್. ನಂದ. ಬಟ್ಟಿ ಹಿಡಕೊಂಡಾಗ ತಿನಕೋತ ಕುಂತಿದ್ದೆ. ಒಳಗ ಬಿದ್ದಿರಬೇಕು."

ನಾನು ಏಳಲು ನೆಲಕ್ಕೆ ಕೈಯೂರಿದೆ. ಅವ್ವನ ಕೈ ನನ್ನ ಮೊಣಕಾಲ ಮೇಲೆ ಬಂದು ಒತ್ತಿತು. ಪೊರೆ ಬಂದ ಕಣ್ಣಿಗೆ ಇರುವೆ ಕಂಡಿರಲಿಲ್ಲ. ಇರುವೆ, ಉಂಡೆ ಎಂಬ ಎರಡು ಮಾತಿನಲ್ಲೇ ಅವಳಿಗೆ ಎಲ್ಲ ತಿಳಿದಿತ್ತು.

"ಸುಮ್ಕುಂದ್ರು," ಎಂದಳು ತುಟಿ ಅಲುಗಿಸದೆ.

ನಾನು ಕುಳಿತೆ. ಇಪ್ಪತ್ತೊಂದು ವರ್ಷದಿಂದ ಅದೊಂದೇ ನನಗೆ ಚೆನ್ನಾಗಿ ಬರುತ್ತಿದ್ದದ್ದು.

*

"ಉಂಡಿ ಎಲ್ಲಿಂದ ಬಂತು?" ಮನೆಗೆ ಬಂದ ಮೇಲೆ ಅವ್ವ ಕೇಳಿದಳು.

ನಾನು ಒಲೆಗೆ ಕಟ್ಟಿಗೆ ತುರುಕಿದೆ.

"ಅವ ಕೊಟ್ಟಿದ್ದು. ನೀ ಓಡ್ನಿಗೆ ಕಟ್ಟಿಕೊಂಡಿದ್ದಿ. ಖರೆ ಹೌದಲ್ಲ?"

"ಹೂಂ."

"ನೋಡು ಭಾಗ್ಯ, ಬಾಯಿ ಮುಚ್ಚಿಕೊಂಡಿರು. ಕ್ಯಾಂಪಿನ ಹುಡುಗ ಕೊಟ್ಟಿದ್ದನ್ನ ಇಕಿ ಸೆರಗಿಗೆ ಕಟ್ಟಿಕೊಂಡು ಅಡ್ಡಾಡ್ತಾಳ ಅಂತ ಒಮ್ಮೆ ಹೊರಗ ಬಿತ್ತಂದ್ರ, ಜವಳಗೇರಾದ ಬಾಯಿ ಹೊಲಿಯಾಕ ಯಾವ ದಬ್ಬಣನೂ ಸಾಲಂಗಿಲ್ಲ."

"ಅವನ ಕೆಲಸ ಹೋಗ್ತೈತಿ, ಯವ್ವಾ."

"ಗಂಡಸಿಗೆ ಕೆಲಸ ಹೋದ್ರ ಇನ್ನೊಂದು ಸಿಗತೈತಿ. ನಿನಗ ಹೆಸರು ಹೋದ್ರ?"

ಅವ್ವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಏನೂ ಮಾಡಲಾಗುತ್ತಿರಲಿಲ್ಲ. ಎರಡು ದಿನ ರೊಟ್ಟಿ ಬಡಿದೆ, ನೀರು ತಂದೆ. ಯಾವ ಸಿಹಿಯನ್ನೂ ನೋಡಲಾಗಲಿಲ್ಲ.

ಮೂರನೆಯ ದಿನ ಸಲ್ಮಾ ಬಂದಳು. ಈ ಸಲ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

"ಬಿಚ್ಚಿದ ಮೂಲಿ ಹೊಳ್ಳಿ ಹೊಲಿಬೇಕಂತ, ಸಾಹೇಬ್ರು ಕರದಾರ. ಗೌರಾಂಗ ಇವತ್ತ ಚಾವಿ ಒಪ್ಪಿಸಿ ಹೋಗಾಂವ." ಆಮೇಲೆ ಮೆಲ್ಲಗೆ ಹೇಳಿದಳು. "ನನಗೂ ಎರಡು ಉಂಡಿ ಕೊಟ್ಟಿದ್ದ. ನಾ ಎರಡೂ ತಿಂದೆ. ನೀ ಒಂದು ಕಟ್ಟಿಕೊಂಡಿದ್ದು ನಾ ನೋಡೀನಿ. ಯಾರಿಗೂ ಹೇಳಿಲ್ಲ. ಹೇಳಬೇಕಾದಾಕಿ ನಾ ಅಲ್ಲ."

*

ನಾನೂ ಅವ್ವನೂ ಹೋದಾಗ ಗಂಗಾಧರ ಸರ್ ಮೇಜಿನ ಮೇಲೆ ಬಟ್ಟೆ ಹರಡಿಕೊಂಡು ಕುಳಿತಿದ್ದರು. ಚಾವಿ ಗೊಂಚಲು ಅವರ ಮುಂದಿತ್ತು. ಗೌರಾಂಗ ತನ್ನ ಪೆನ್ನುಗಳನ್ನು ಚೀಲಕ್ಕೆ ಹಾಕುತ್ತಿದ್ದ. ನನ್ನನ್ನು ಕಂಡು ಬೇಡ ಎನ್ನುವಂತೆ ಸಣ್ಣಗೆ ತಲೆಯಾಡಿಸಿದ. ಅವನಿಗೆ ನನ್ನ ಮುಖ ಓದಲು ಬರುತ್ತಿತ್ತು. ಹನ್ನೊಂದು ದಿನ ಅದನ್ನೇ ಓದಿದ್ದ.

ನಾನು ಬಿಳಿಯ ಮುಖವಾಡದ ಕಡೆ ನೋಡಿದೆ. ಅರೆಗಣ್ಣಿನಲ್ಲಿ ಎಲ್ಲ ಕಂಡೂ ಸುಮ್ಮನಿದ್ದಳು, ಮರದವಳು.

"ನಾ ಇಟ್ಟಿದ್ದು," ಎಂದೆ.

ಎಷ್ಟು ಸಣ್ಣ ಧ್ವನಿ! ಸರ್ ತಲೆಯೆತ್ತಿದರು. "ಏನಂದಿ?"

"ಉಂಡಿ. ಬಿದ್ದಿದ್ದಲ್ರಿ. ನಾ ಇಟ್ಟಿದ್ದು."

"ಯಾಕ?"

"ಕೊನೀ ಮೂಲಿ ಬರಿದ ಮುಚ್ಚಬಾರ್ದು. ಹಸದ ಇರ್ತೈತಿ."

"ಏನು ಹಸದಿರ್ತೈತಿ?"

"ಬಟ್ಟಿ."

ಅವರು ಅವ್ವನನ್ನು ನೋಡಿದರು. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ನಮ್ಮ ಪದ್ಧತಿ ಐತ್ರಿ ಸಾಹುಕಾರ," ಎಂದಳು.

"ಅದಕ್ಕ ಬೆಲ್ಲ ಇಡಬೇಕಲ್ಲ. ಇವನ ಉಂಡಿ ಹೆಂಗ ಬಂತು?"

ಇಲ್ಲಿಗೆ ನಿಲ್ಲಿಸಬಹುದಿತ್ತು. ಬಿದ್ದಿತ್ತು, ಸಿಕ್ಕಿತ್ತು ಎನ್ನಬಹುದಿತ್ತು. ಆದರೆ ಒಮ್ಮೆ ಬಿಚ್ಚಿದ ಹೊಲಿಗೆ ಎಳೆದಷ್ಟೂ ಬರುತ್ತದೆ.

"ಇವ್ರು ನನಗ ಕೊಟ್ಟಿದ್ರು. ಒಂದು ತಿಂದೆ. ಇನ್ನೊಂದು ತಿಂದ್ರ ಮುಗದಹೋಗ್ತೈತಿ ಅಂತ ಕಟ್ಟಿಕೊಂಡಿದ್ದೆ. ಈ ಬಟ್ಟಿ ಹೊಲಿಯೋದು ಮುಗದ್ರ... ಹೊಳ್ಳಿ ಇಲ್ಲಿಗೆ ಬರಾಕ ಆಗಂಗಿಲ್ಲ ಅಂತ ಗೊತ್ತಿತ್ತು. ಅದಕ್ಕ ಅರ್ಧ ಇಲ್ಲೇ ಇಟ್ಟೆ."

ಪಕ್ಕದ ಗೋದಾಮಿನಲ್ಲಿ ಮೊರದಿಂದ ಅಕ್ಕಿ ಕೇರುವ ಸದ್ದು ಮಾತ್ರ. ಗೌರಾಂಗನ ಕೈಯಲ್ಲಿದ್ದ ಪೆನ್ನು ಚೀಲಕ್ಕೆ ಹೋಗದೆ ಹೊರಗೂ ಬಾರದೆ ನಿಂತಿತ್ತು.

ಸರ್ ಕನ್ನಡಕ ತೆಗೆದು ಒರೆಸಿದರು. ನನ್ನನ್ನು ಬೈಯಲಿಲ್ಲ. ಅವನ ಕಡೆ ತಿರುಗಿದರು.

"ಅಂದ್ರ ನೀ ಸುಳ್ಳು ಹೇಳಿದಿ."

"ಹೌದ್ರಿ ಸರ್."

"ಇಲ್ಲಿ ಇರೂದು ಏನಪ್ಪಾ? ಇದು ಎಲ್ಲಿಂದ ಬಂತು, ಯಾರು ಮಾಡಿದ್ರು, ಯಾಕ ಮಾಡಿದ್ರು ಅನ್ನೋ ಖರೇ ಮಾತು. ಅದು ಹೋದ್ರ ಇವೆಲ್ಲಾ ಬರೇ ಕಟಗಿ. ಉಂಡಿ ತಿಂದಿದ್ರ ಇನ್ನೊಂದು ವಾರಕ್ಕ ಹೊಳ್ಳಿ ಕರೀತಿದ್ದೆ. ಎಲ್ಲಾರ ಮುಂದ ಸುಳ್ಳು ಹೇಳಿದಾವನ ಕೈಯಾಗ ಚಾವಿ ಹೆಂಗ ಕೊಡ್ಲಿ ಹೇಳು."

ಅವನನ್ನು ಉಳಿಸಲೆಂದು ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆ ಬಾಯಿ ತೆರೆದೆ. ತೆರೆದದ್ದರಿಂದಲೇ ಅವನು ಹೋಗುವುದು ಖಾಯಂ ಆಯಿತು. "ಸಾರ್..." ಎಂದೆ. ಮುಂದಿನ ಮಾತು ಬಂದರೂ ಇನ್ನೇನು ಮಾಡುವುದಿತ್ತು?

"ಇರಲಿ ಬಿಡ್ರಿ ಸರ್," ಎಂದ ಗೌರಾಂಗ. ಅವನ ಧ್ವನಿಯಲ್ಲಿ ದುಃಖ ಇರಬೇಕಿತ್ತು. ಇರಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ, ಬಹಳ ದಿನದಿಂದ ಓದಲಾಗದ ಚೀಟಿಯೊಂದು ಈಗ ಓದಲು ಬಂದವನಂತೆ. "ಮೂಲಿ ಹೊಲಿಯೂತನಕ ಬಟ್ಟಿ ಹಿಡಿಯಾಕ ಒಬ್ರು ಬೇಕಾಗ್ತಾರ. ಅಷ್ಟೊತ್ತು ಇರ್ತೀನಿ. ಬ್ಯಾಡಂದ್ರ ಈಗ ಹೋಗ್ತೀನಿ."

ಸರ್ ಚಾವಿ ತೆಗೆದುಕೊಂಡು ಹೊರಗೆ ಹೋದರು. ಹೋಗುವಾಗ ಬಾಗಿಲನ್ನು ತೆರೆದೇ ಬಿಟ್ಟರು.

*

ಎದುರುಬದುರು ಕುಳಿತೆವು. ಮೂಲೆ ಮತ್ತೆ ಬಾಯಿ ತೆರೆದಿತ್ತು. ಇರುವೆ ಕಡಿದ ಜಾಗಕ್ಕೆ ತೇಪೆ ಕತ್ತರಿಸಿದೆ. ಒಳಗೆ ಇಡಲು ಈಗ ಏನೂ ಇರಲಿಲ್ಲ; ಇಡುವಂತೆಯೂ ಇರಲಿಲ್ಲ. ಬರಿದೇ ಮುಚ್ಚಲು ಕೈ ಏಳುತ್ತಿರಲಿಲ್ಲ.

ಅವ್ವ ಅಂಗಳಕ್ಕೆ ಹೋಗಿ ಬಂದಳು. ಮುಷ್ಟಿ ಬಿಚ್ಚಿದಳು. ಬೇವಿನ ಮರದ ಕೆಳಗೆ ಉದುರಿ ಒಣಗಿದ ಎಲೆಗಳು.

"ಇದನ್ನಿಡು. ಹುಳಾನೂ ಬರಂಗಿಲ್ಲ. ಬೆಲ್ಲ ಮೊದಲ ಉಂಡೈತಿ. ಇನ್ನ ಬೇವು ಉಣ್ಲಿ. ಅರಗಿಸಿಕೊಳ್ತೈತೋ ಇಲ್ಲೋ ನೋಡೂಣು."

ಅದನ್ನು ಬಟ್ಟೆಗೆ ಹೇಳಿದಳೋ ನಮಗೆ ಹೇಳಿದಳೋ. ಹೇಳಿ, ನಮಗೆ ಬೆನ್ನು ಮಾಡಿ ಹೊಸ್ತಿಲ ಮೇಲೆ ಕುಳಿತಳು.

ಆ ಮೂಲೆಗೆ ಅರ್ಧ ತಾಸು ಸಾಕು. ನಾನು ಸಾಸಿವೆಕಾಳಿನಷ್ಟು ಸಣ್ಣ ಹೊಲಿಗೆ ಹಾಕಿದೆ. ಎರಡು ಸಲ ಬೇಕೆಂದೇ ಬಿಚ್ಚಿದೆ. ಅವನು ಕಂಡೂ ಸುಮ್ಮನಿದ್ದ. ಕಿಟಕಿಯ ಬಿಸಿಲು ನಗಾರಿಯ ಮೇಲಿಂದ ಟೊಪ್ಪಿಗೆಗೆ, ಟೊಪ್ಪಿಗೆಯಿಂದ ಗೋಡೆಗೆ ಹೋಯಿತು.

"ಯಾಕ ಹೇಳಿದಿ?" ಎಂದ, ನನಗೆ ಮಾತ್ರ ಕೇಳುವಷ್ಟು.

"ನೀ ಯಾಕ ಸುಳ್ಳು ಹೇಳಿದಿ?"

"ನೀ ಹಸದ ಇರಬಾರ್ದು ಅಂತ."

ನಗಬೇಕೆನ್ನಿಸಿತು. ಕಣ್ಣಿಗೆ ನೀರು ಬಂತು. ಸೂಜಿಯ ಕಣ್ಣು ಕಾಣದಾಯಿತು. ಅವನು ನನ್ನ ಕೈಯಿಂದ ಸೂಜಿ ತೆಗೆದುಕೊಂಡು, ದಾರ ಪೋಣಿಸಿ, ಮತ್ತೆ ಕೈಗಿಟ್ಟ. ಬೆರಳು ತಾಕಿತು. ಅಷ್ಟೇ.

"ಅಂಗಿ," ಎಂದೆ. "ಮೂರನೇ ಗುಂಡಿ."

ಅವನು ತನ್ನೆದೆ ನೋಡಿಕೊಂಡ. ಗುಂಡಿ ಇನ್ನೂ ಅದೇ ದಾರದಲ್ಲಿ ಜೋತಾಡುತ್ತಿತ್ತು. "ಎಷ್ಟು ದಿನದಿಂದ ಗೊತ್ತು ನಿನಗ?"

"ಮೊದಲನೇ ದಿನದಿಂದ."

ಕೊನೆಗೂ ದಾರಕ್ಕೆ ಗಂಟು ಹಾಕಲೇಬೇಕಾಯಿತು. ಅವನು ಎದ್ದು ಚೀಲ ಹೆಗಲಿಗೆ ಹಾಕಿದ. ಹೊಸ್ತಿಲಲ್ಲಿ ಅವ್ವನ ಮುಂದೆ ನಿಂತ.

"ದೊಡ್ಡವ್ವ, ನಮ್ಮನ್ಯಾಗ ಹಳೇ ಸೀರಿ ಭಾಳ ಅದಾವ್ರಿ. ನಮ್ಮವ್ವಗ ಒಂದು ಕೌದಿ ಬೇಕಂತ. ಕ್ಯಾಂಪಿಗೆ ಬಂದು ಹೊಲಿದು ಕೊಡ್ತೀರೇನ್ರಿ?"

ಕೌದಿ ಹೊಲಿಯುವವರು ಮನೆಗೆ ಹೋಗಿ, ಆ ಮನೆಯ ಪಡಸಾಲೆಯಲ್ಲಿ ಕುಳಿತು, ಆ ಮನೆಯ ಸೀರೆಗಳಿಂದಲೇ ಹೊಲಿಯುತ್ತಾರೆ. ತಿಂಗಳು ಹಿಡಿಯುತ್ತದೆ. ಅವನಿಗೆ ಅದು ಗೊತ್ತಿತ್ತು. ನಾನೇ ಹೇಳಿದ್ದೆ, ಏಳನೆಯ ದಿನ.

ಅವ್ವ ರಸ್ತೆಯ ಕಡೆ ನೋಡಿದಳು. ಆಚೆ ಗದ್ದೆಯಲ್ಲಿ ಭತ್ತ ಹಣ್ಣಾಗುತ್ತಿತ್ತು.

"ಕೊಯ್ಲು ಮುಗೀಲಿ," ಎಂದಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಅವನು ಹೋದ. ಬೇವಿನ ಮರ ದಾಟುವಾಗ ಒಮ್ಮೆ ತಿರುಗಿದ. ಆಮೇಲೆ ಅವನ ಸೈಕಲ್ಲಿನ ಸದ್ದು, ಆಮೇಲೆ ಅದೂ ಇಲ್ಲ. ಕೊಯ್ಲು ಮುಗಿಯಲು ಇನ್ನೂ ಒಂದು ತಿಂಗಳು. ಮುಗಿದ ಮೇಲೆ ಅವ್ವ ಏನನ್ನುತ್ತಾಳೋ, ಅವನ ಅವ್ವ ಏನನ್ನುತ್ತಾಳೋ. ಹೊಲಿಯುವುದೊಂದು ಬಿಟ್ಟು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಬಾಗಿಲ ಹತ್ತಿರ ಅವನ ನೀಲಿ ಕುರ್ಚಿ ಖಾಲಿ ನಿಂತಿತ್ತು. ನಾಳೆ ಬೇರೆ ಯಾರೋ ಬರುತ್ತಾರೆ, ಕೂರುತ್ತಾರೆ. ನಾನು ಅದನ್ನು ಎತ್ತಿ, ಸದ್ದಾಗದಂತೆ, ಮೆತ್ತಗೆ ನೆಲದ ಮೇಲೆ ಅಡ್ಡ ಮಲಗಿಸಿದೆ.

ಹೊರಡಲೆಂದು ಎದ್ದ ಅವ್ವನ ಕಾಲಿಗೆ ಅದು ತಾಗಿತು. ಬಿದ್ದಿದೆ ಎಂದುಕೊಂಡು ಎತ್ತಿ ನಿಲ್ಲಿಸಲು ಬಗ್ಗಿದಳು.

"ಮುಟ್ಟಬ್ಯಾಡ!" ಎಂದೆ. ಪಕ್ಕದ ಗೋದಾಮಿನಲ್ಲಿ ಮೊರದ ಸದ್ದು ನಿಲ್ಲುವಷ್ಟು ಗಟ್ಟಿಯಾಗಿ.